ಬೆಳಿಗ್ಗೆ ಹಠ ಹಿಡಿಯುವ ಡೀಸೆಲ್ ಪಿಕಪ್: ಇಂಜೆಕ್ಟರ್ ಬಿಚ್ಚುವ ಮೊದಲು

ಪ್ರಶ್ನೆ: ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ತೋಟ. ಅಡಿಕೆ, ಗೊಬ್ಬರ ಸಾಗಿಸಲು 2018ರ ಬಿಎಸ್ 4 ಡೀಸೆಲ್ ಪಿಕಪ್ ಇದೆ. ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಎಂಜಿನ್. ಆಟಿ ತಿಂಗಳ ಮಳೆ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ತುಂಬ ತಕರಾರು. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ. ಎಂಟು ಹತ್ತು ಸಲ ಹೊಡೆದ ಮೇಲೆ ಒಮ್ಮೆ ಹಿಡಿಯುತ್ತದೆ, ಅರ್ಧ ನಿಮಿಷ ತಡವರಿಸುತ್ತದೆ, ಆಮೇಲೆ ಹಗಲಿಡೀ ಒಂದೇ ಸೆಲ್ಫಿಗೆ ಸ್ಟಾರ್ಟ್. ಮೊನ್ನೆಯಿಂದ ಬೆಳಿಗ್ಗೆ ಹಿಡಿಯುತ್ತಲೇ ಇಲ್ಲ. ಸೈಲೆನ್ಸರಿನಲ್ಲಿ ಹೊಗೆಯೂ ಇಲ್ಲ. ಬ್ಯಾಟರಿ ಹೊಸದು. ಡೀಸೆಲ್ ಫಿಲ್ಟರ್ ಬದಲಾಯಿಸಿ ಒಂದೂವರೆ ತಿಂಗಳಾಯಿತು. ಗಾಡಿ ನಿಲ್ಲಿಸುವುದು ಮನೆಯ ಏರಿನಲ್ಲಿ, ಮುಖ ಮೇಲೆ ಮಾಡಿ. ಒಬ್ಬರು ಹೀಟರ್ ಪ್ಲಗ್ ಹೋಗಿದೆ ಅಂದರು, ಇನ್ನೊಬ್ಬರು ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕು ಅಂದರು. ಏನು ಮಾಡಲಿ?

ಉತ್ತರ: ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್ ಬಿಚ್ಚಲು ಸದ್ಯಕ್ಕೆ ಒಪ್ಪಬೇಡಿ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರಾತ್ರಿ ಹೊತ್ತು ಡೀಸೆಲ್ ಲೈನಿಗೆ ಗಾಳಿ ಹೊಕ್ಕು, ಡೀಸೆಲ್ ಟ್ಯಾಂಕಿಗೆ ಹಿಂದೆ ಇಳಿಯುತ್ತಿರುವ ಹಾಗೆ ಕಾಣುತ್ತದೆ. ನಮ್ಮ ಕಡೆಯ ಮೆಕ್ಯಾನಿಕರ ಮಾತಿನಲ್ಲಿ ಹೇಳುವುದಾದರೆ ‘ಏರ್ ಹಿಡಿಯುತ್ತಿದೆ’. ಇದು ನಿಜವಾದರೆ ಖರ್ಚು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಇಂಜೆಕ್ಟರ್ ಸೆಟ್ಟಿಗೆ ಹೋದರೆ ಹತ್ತಾರು ಸಾವಿರ, ಮತ್ತು ಮರುದಿನ ಬೆಳಿಗ್ಗೆ ಅದೇ ಕತೆ.

ಹೀಗೆ ಹೇಳಲು ಕಾರಣವಿದೆ. ಇಂಜೆಕ್ಟರ್ ಸವೆದು ಒಳಗೆ ಸೋರುವ ಗಾಡಿ ಸಾಮಾನ್ಯವಾಗಿ ಬಿಸಿಯಾದಾಗಲೇ ಕಾಟ ಕೊಡುವುದು. ಬಿಸಿಯಾದ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ಸಂದಿಯಲ್ಲಿ ಹೆಚ್ಚು ಸೋರುತ್ತದೆ, ರೈಲಿನಲ್ಲಿ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಕೊಡುವ ಕೊಳವೆಯಲ್ಲಿ, ಒತ್ತಡ ಏರುವುದಿಲ್ಲ. ಅಂಥ ಗಾಡಿ ಬೆಳಿಗ್ಗೆ ಹೇಗೋ ಹಿಡಿದು, ಮಧ್ಯಾಹ್ನ ಪೇಟೆಯಲ್ಲಿ ಆಫ್ ಮಾಡಿದ ಮೇಲೆ ಕೈ ಕೊಡುತ್ತದೆ. ರೈಲಿಗೆ ಒತ್ತಡ ಕೊಡುವ ಹೈ ಪ್ರೆಶರ್ ಪಂಪ್ ಸವೆದರೂ ಹೆಚ್ಚುಕಡಿಮೆ ಹೀಗೆಯೇ. ನಿಮ್ಮದು ಪೂರ್ತಿ ಉಲ್ಟಾ. ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗಿನ ವಾದವೂ ನಿಲ್ಲುವುದಿಲ್ಲ. ಆಟಿಯ ಮಳೆಯಲ್ಲೂ ಕಾಸರಗೋಡಿನ ಬೆಳಗು 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಸಿಲಿಂಡರಿಗೆ ನೇರ ಡೀಸೆಲ್ ಚಿಮ್ಮುವ ಎಂಜಿನ್ ಈ ಹವೆಯಲ್ಲಿ ಹೀಟರ್ ಇಲ್ಲದೆಯೂ ಹಿಡಿಯುತ್ತದೆ. ಹೀಟರ್ ಹೋಗಿದ್ದರೆ ಸೆಲ್ಫ್ ಹೊಡೆಯುವಾಗ ಕಣ್ಣುರಿಸುವ ಬಿಳಿ ಹೊಗೆ ಬರಬೇಕಿತ್ತು, ಏಕೆಂದರೆ ಆಗ ಡೀಸೆಲ್ ಒಳಗೆ ಹೋಗಿ ಉರಿಯದೆ ಹೊರಗೆ ಬರುತ್ತದೆ. ನಿಮ್ಮಲ್ಲಿ ಹೊಗೆಯೇ ಇಲ್ಲ. ಅಂದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಲೇ ಇಲ್ಲ.

ಗಾಳಿಯಿಂದ ಹೀಗೆ ಏಕಾಗುತ್ತದೆ ಎಂಬುದು ತೋಟದ ಪಂಪ್ ನಡೆಸಿದವರಿಗೆ ಬೇಗ ಹೊಳೆಯುತ್ತದೆ. ಕೆರೆಯ ಪಂಪಿನ ಫುಟ್‌ವಾಲ್ವ್ ಸರಿ ಕೂರದಿದ್ದರೆ, ಇಲ್ಲವೇ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯ ಬಿರುಕಿದ್ದರೆ, ರಾತ್ರಿ ಬೆಳಗಾಗುವುದರೊಳಗೆ ಪೈಪಿನ ನೀರು ಕೆರೆಗೆ ಇಳಿದಿರುತ್ತದೆ. ಬೆಳಿಗ್ಗೆ ಮೋಟಾರ್ ತಿರುಗುತ್ತದೆ, ನೀರು ಬರುವುದಿಲ್ಲ. ನೀರು ಹೊಯ್ದು ಪೈಪ್ ತುಂಬಿಸಿದರೆ ಸರಿ. ನಿಮ್ಮ ಪಿಕಪ್ಪಿನಲ್ಲೂ ಟ್ಯಾಂಕು ಕೆಳಗೆ, ಎಂಜಿನ್ ಮೇಲೆ. ಫಿಲ್ಟರಿನ ಮೇಲೋ ಲೈನಿನಲ್ಲೋ ಕೈಪಂಪ್, ಅಂದರೆ ಪ್ರೈಮರ್, ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಹೈ ಪ್ರೆಶರ್ ಪಂಪಿಗೆ ಸೇರಿದ ಒಂದು ಸಣ್ಣ ಗೇರ್ ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಆ ಗೇರ್ ಪಂಪಿಗೆ ಡೀಸೆಲ್ ಎಳೆಯುವ ತಾಕತ್ತು ಉಂಟು, ಗಾಳಿ ಎಳೆಯುವ ತಾಕತ್ತು ಕಡಿಮೆ. ಗಾಳಿಯ ಗುಳ್ಳೆ ರೈಲಿನ ಹತ್ತಿರ ಹೋದರೂ ಅದು ಒತ್ತಿದಷ್ಟೂ ಕುಗ್ಗುತ್ತದೆಯೇ ಹೊರತು ಒತ್ತಡ ಕಟ್ಟುವುದಿಲ್ಲ. ಎಂಜಿನ್ ಹಿಡಿಯಬೇಕಾದರೆ ರೈಲಿನಲ್ಲಿ ಸುಮಾರು 200 ಬಾರ್ ಆದರೂ ಬರಬೇಕು. ಅಷ್ಟು ಬಾರದೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ಹೊಗೆ ಕಾಣದಿರುವುದು ಇದಕ್ಕೆ.

ಏರಿನಲ್ಲಿ ಮುಖ ಮೇಲೆ ಮಾಡಿ ನಿಲ್ಲಿಸಿದರೆ ಎಂಜಿನ್ ಮತ್ತು ಟ್ಯಾಂಕಿನ ನಡುವಿನ ಎತ್ತರ ಇನ್ನೂ ಹೆಚ್ಚುತ್ತದೆ, ಡೀಸೆಲ್ ಬೇಗ ಇಳಿಯುತ್ತದೆ. ಟ್ಯಾಂಕು ತುಂಬಿದ್ದಾಗ ತೊಂದರೆ ಕಡಿಮೆ, ಕಾಲು ಭಾಗಕ್ಕೆ ಬಂದಾಗ ಹೆಚ್ಚು ಎಂದು ನಿಮಗೆ ಅನಿಸಿದ್ದರೆ ಅದೂ ಇದಕ್ಕೇ ಸಾಕ್ಷಿ.

ಈಗ ಪರೀಕ್ಷೆ. ನಾಳೆ ಬೆಳಿಗ್ಗೆ ಕೀಲಿ ಮುಟ್ಟುವ ಮೊದಲೇ ಬಾನೆಟ್ ಎತ್ತಿ ಪ್ರೈಮರ್ ಒತ್ತಿ. ಲೈನ್ ತುಂಬಿದ್ದರೆ ನಾಲ್ಕೈದು ಒತ್ತಿಗೇ ಗಟ್ಟಿಯಾಗುತ್ತದೆ. ಇಪ್ಪತ್ತು ಮೂವತ್ತು ಸಲ ಪಿಚಪಿಚ ಎಂದು ಮೆತ್ತಗೇ ಇದ್ದು ಆಮೇಲೆ ಗಟ್ಟಿಯಾಯಿತು ಅಂದರೆ ರಾತ್ರಿ ಡೀಸೆಲ್ ಇಳಿದಿದೆ. ಗಟ್ಟಿಯಾದ ಮೇಲೆ ಸೆಲ್ಫ್ ಹೊಡೆಯಿರಿ. ಒಂದೆರಡು ಪ್ರಯತ್ನಕ್ಕೆ ಹಿಡಿದರೆ ರೋಗ ಸಿಕ್ಕಿತು. ಇನ್ನೊಂದು ಪರೀಕ್ಷೆಗೆ ಕೈ ಕೊಳೆ ಮಾಡಿಕೊಳ್ಳುವುದೂ ಬೇಡ: ಒಂದು ರಾತ್ರಿ ಗಾಡಿಯನ್ನು ಮುಖ ಇಳಿಜಾರಿಗೆ ಮಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ನ್ಯೂಟ್ರಲ್ ಮಾಡಲು ಮರೆಯಬೇಡಿ. ಒಂದೇ ಸೆಲ್ಫಿಗೆ ಹಿಡಿದರೆ ಸಂಶಯವೇ ಬೇಡ. ಕೆಲಸ ಮಾಡಿಸಲು ಬಿಡುವಾಗುವ ತನಕ ಹೀಗೆಯೇ ನಿಲ್ಲಿಸಿ ದಿನ ದೂಡಬಹುದು.

ಗಾಳಿ ಹೋಗುವ ಜಾಗ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ. ಎಲ್ಲಿಯೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲ, ಹಾಗಾಗಿ ಲೀಕ್ ಇಲ್ಲ ಎಂದು ಹೇಳುವವರು ಬಹಳ. ಸಕ್ಷನ್ ಕಡೆಯ ಬಿರುಕಿನಲ್ಲಿ ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಒಣಗಿದ ಹೋಸ್ ಮಾತ್ರ ಕಾಣುತ್ತದೆ. ಅದಕ್ಕೆ ಕಣ್ಣಿಗೆ ಕಾಣುವ ಉಪಾಯ ಬೇಕು. ಡೀಸೆಲ್ ತಡೆಯುವ ಪಾರದರ್ಶಕ ಹೋಸ್ ಅರ್ಧ ಅಡಿ ತನ್ನಿ, ನಿಮ್ಮ ಲೈನಿನ ಅಳತೆಯದು. ಹೆಚ್ಚಿನ ಪಿಕಪ್ಪುಗಳಿಗೆ 8 ಮಿಲಿಮೀಟರ್ ಒಳವ್ಯಾಸ ಸರಿಹೋಗುತ್ತದೆ, ಆದರೂ ಹಳೆಯ ತುಂಡು ಹಿಡಿದುಕೊಂಡು ಅಂಗಡಿಗೆ ಹೋಗಿ. ಅದನ್ನು ಮೊದಲು ಫಿಲ್ಟರಿನಿಂದ ಪಂಪಿಗೆ ಹೋಗುವ ಲೈನಿನ ನಡುವೆ ಕೂರಿಸಿ, ಎಂಜಿನ್ ಐದು ನಿಮಿಷ ಓಡಲು ಬಿಡಿ. ಸ್ಟಾರ್ಟ್ ಆದ ಕೂಡಲೇ ಕಾಣುವ ನಾಲ್ಕೈದು ಗುಳ್ಳೆಗಳಿಗೆ ಬೆಲೆ ಕೊಡಬೇಡಿ. ಐದು ನಿಮಿಷದ ಮೇಲೂ ಸಾಲುಸಾಲಾಗಿ ಬರುತ್ತಿದ್ದರೆ ಅದೇ ತುಂಡನ್ನು ಫಿಲ್ಟರಿನ ಒಳಬರುವ ಕಡೆಗೆ ಹಾಕಿ ನೋಡಿ. ಒಳಬರುವಾಗ ಗುಳ್ಳೆ ಇಲ್ಲ, ಹೊರಹೋಗುವಾಗ ಇದೆ ಅಂದರೆ ಫಿಲ್ಟರಿನಲ್ಲೇ ತೊಂದರೆ. ಎರಡೂ ಕಡೆ ಇದ್ದರೆ ಫಿಲ್ಟರಿಗೂ ಟ್ಯಾಂಕಿಗೂ ನಡುವೆ.

ನನ್ನ ಸಂಶಯ ಮೊದಲು ಹೋಗುವುದು ಫಿಲ್ಟರಿಗೆ. ತೊಂದರೆ ಶುರುವಾದದ್ದು ಫಿಲ್ಟರ್ ಬದಲಾಯಿಸಿದ ಮೇಲೆ ಅಲ್ಲವೇ? ಅಲ್ಲಿ ತಪ್ಪಾಗುವ ಜಾಗಗಳು ಇವು. ಹಳೆಯ ರಬ್ಬರ್ ರಿಂಗ್ ಫಿಲ್ಟರ್ ಕೂರುವ ಹೆಡ್ಡಿಗೆ ಅಂಟಿಕೊಂಡೇ ಇದ್ದು ಅದರ ಮೇಲೆ ಹೊಸ ರಿಂಗ್ ಕೂತಿರುತ್ತದೆ. ಅಥವಾ ರಿಂಗನ್ನು ಒಣದಾಗಿಯೇ ಕೂರಿಸಿ ತಿರುಗಿಸುವಾಗ ಮಡಚಿಕೊಂಡಿರುತ್ತದೆ. ಅಥವಾ ತಳದ ನೀರು ಬಿಡುವ ಸ್ಕ್ರೂ ಮತ್ತು ನೀರಿನ ಸೆನ್ಸರಿನ ಓ-ರಿಂಗ್ ಹಳೆಯದನ್ನೇ ಹಾಕಿರುತ್ತಾರೆ. ಲೈನನ್ನು ಫಿಲ್ಟರಿಗೆ ಸೇರಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರೂ ಹಾಗೆಯೇ: ಒಮ್ಮೆ ಚಪ್ಪಟೆಯಾದದ್ದು ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ತಿರುಗಿಸಿ ಹಾಕುವ ಫಿಲ್ಟರಾದರೆ ಬಿಚ್ಚಿ ಹೆಡ್ ಒರೆಸಿ, ಹೊಸ ರಿಂಗಿಗೆ ಡೀಸೆಲ್ ಸವರಿ, ರಿಂಗ್ ಮುಟ್ಟಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯಿರಿ. ಫಿಲ್ಟರಿನ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದರಂತೆ ಮಾಡಿ. ಪಾನೆ ಹಾಕಿ ಬಿಗಿದವರೇ ಹೆಚ್ಚಾಗಿ ರಿಂಗ್ ಕೆಡಿಸುವುದು. ಹೊಸ ಫಿಲ್ಟರಿನ ಒಳಗೆ ಕ್ಯಾನಿನ ಡೀಸೆಲ್ ಸುರಿದು ಕೂರಿಸುವ ಅಭ್ಯಾಸವೂ ಇದೆ. ಕಾಮನ್ ರೈಲಿಗೆ ಅದು ಬೇಡ. ನಡುವಿನ ತೂತಿನಲ್ಲಿ ಸುರಿದದ್ದು ಸೋಸದೆಯೇ ನೇರ ಪಂಪಿಗೆ ಹೋಗುತ್ತದೆ. ಪ್ರೈಮರಿನಲ್ಲೇ ತುಂಬಿಸಿ.

ಫಿಲ್ಟರ್ ಸರಿ ಇದ್ದರೆ ರಬ್ಬರ್ ಹೋಸ್‌ಗಳ ತುದಿ ನೋಡಿ. ಗಟ್ಟಿಯಾದ ಹೋಸ್ ಬೆಂಡು ಮಾಡಿದಾಗ ಸಣ್ಣ ಸಣ್ಣ ಬಿರುಕು ತೋರಿಸುತ್ತದೆ. ಕ್ಲಿಪ್ ಇನ್ನೂ ಬಿಗಿದರೆ ಪ್ರಯೋಜನವಿಲ್ಲ. ಉದ್ದ ಇದ್ದರೆ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಹೊಸ ಜಾಗದಲ್ಲಿ ಕೂರಿಸಿ, ಇಲ್ಲವಾದರೆ ಹೋಸ್ ಬದಲಾಯಿಸಿ. ಚಾಸಿಯ ಉದ್ದಕ್ಕೆ ಹೋಗುವ ಕಬ್ಬಿಣದ ಪೈಪ್ ಕ್ಲಾಂಪಿನ ಕೆಳಗೆ ತುಕ್ಕು ಹಿಡಿದಿರಬಹುದು, ಮಣ್ಣು ಕಟ್ಟಿದ ಜಾಗವನ್ನು ಕೆರೆದು ನೋಡಿ. ಟ್ಯಾಂಕಿನ ಕಡೆ ಎಂದು ಖಚಿತ ಮಾಡಿಕೊಳ್ಳಬೇಕಾದರೆ ಶುದ್ಧ ಡೀಸೆಲ್ ತುಂಬಿದ ಸಣ್ಣ ಕ್ಯಾನನ್ನು ಎಂಜಿನಿಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟು, ಅದರಿಂದ ಫಿಲ್ಟರಿನ ಒಳಬರುವ ನಳಿಗೆಗೆ ಹೋಸ್ ಕೊಟ್ಟು ಸ್ಟಾರ್ಟ್ ಮಾಡಿ. ಫಿಲ್ಟರ್ ತಪ್ಪಿಸಿ ಪಂಪಿಗೆ ನೇರ ಕೊಡಬಾರದು.

ಯಾರೂ ನೋಡದ ಒಂದು ಜಾಗ ಉಳಿಯುತ್ತದೆ. ಇಂಜೆಕ್ಟರುಗಳ ತಲೆಯಿಂದ ಹೊರಟು ಟ್ಯಾಂಕಿಗೆ ಮರಳುವ ಬೆರಳಿಗಿಂತ ಸಪೂರದ ರಿಟರ್ನ್ ಹೋಸ್‌ಗಳು. ಅವುಗಳಲ್ಲಿ ಒಂದು ಸಡಿಲವಾದರೂ ರಾತ್ರಿ ಅಲ್ಲಿಂದ ಗಾಳಿ ಹೊಕ್ಕು ಡೀಸೆಲ್ ಇಳಿಯುತ್ತದೆ. ಅಡಿಕೆ ಸುಲಿಯುವ ಕೊಟ್ಟಿಗೆಯ ಹತ್ತಿರ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ಗುರುತನ್ನೂ ಹುಡುಕಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವುಗಳಿಗೆ ಒಳ್ಳೆಯ ಬಿಡಾರ. ರಿಟರ್ನ್ ಹೋಸ್, ಇಂಜೆಕ್ಟರಿನ ವೈರು, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ವೈರು, ಯಾವುದನ್ನೂ ಬಿಡುವುದಿಲ್ಲ. ಎಂಜಿನಿನ ಮೇಲೆ ಹಿಕ್ಕೆ ಕಂಡರೆ ವೈರುಗಳನ್ನು ಬೆರಳಿನಲ್ಲಿ ಸವರಿಕೊಂಡೇ ಹೋಗಬೇಕು.

ಇನ್ನು ನೀರು. ನಮ್ಮ ಕಡೆಯವರು ಕೇರಳದ ದರ ಹೆಚ್ಚೆಂದು ಸಾರಡ್ಕ, ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಡೀಸೆಲ್ ಹಾಕಿಸುವುದು ಹೊಸದೇನಲ್ಲ. ಟ್ಯಾಂಕಿಗೆ ಹಾಕಿಸಿಕೊಂಡು ಬಂದರೆ ಚಿಂತೆಯಿಲ್ಲ. ಕ್ಯಾನಿನಲ್ಲಿ, ಡ್ರಮ್ಮಿನಲ್ಲಿ ತಂದಿಟ್ಟು ಮಳೆಗಾಲದಲ್ಲಿ ಬಳಸುವುದೇ ತೊಂದರೆಯ ಮೂಲ. ಅರ್ಧ ಖಾಲಿಯಾದ ಡ್ರಮ್ಮಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಬೆವರುತ್ತದೆ, ಆ ನೀರು ತಳ ಸೇರುತ್ತದೆ. ಆದ್ದರಿಂದ ಗಾಳಿಯ ಹುಡುಕಾಟದ ದಿನವೇ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ 100ರಿಂದ 200 ಮಿಲಿಲೀಟರ್ ಬಿಡಿ. ಎಂಜಿನ್ ಆಫ್ ಇರಲಿ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದೆರಡು ಚಮಚ ನೀರಾದರೆ ಬಿಟ್ಟು ಮುಚ್ಚಿ. ಕಾಲು ಲೋಟ ಬಂದರೆ, ಅಥವಾ ಕಪ್ಪು ಲೋಳೆಯಂಥದ್ದು ಬಂದರೆ, ಟ್ಯಾಂಕೇ ಇಳಿಸಿ ತೊಳೆಯಬೇಕು. ಆ ಲೋಳೆ ನೀರು ಮತ್ತು ಡೀಸೆಲಿನ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು, ಎಷ್ಟು ಫಿಲ್ಟರ್ ಬದಲಾಯಿಸಿದರೂ ಮತ್ತೆ ಕಟ್ಟುತ್ತದೆ. ಹೈ ಪ್ರೆಶರ್ ಪಂಪು, ಇಂಜೆಕ್ಟರುಗಳಿಗೆ ಡೀಸೆಲೇ ಎಣ್ಣೆ. ಒಳಗಿನ ಸಂದಿ ಕೆಲವೇ ಮೈಕ್ರಾನ್. ಅಲ್ಲಿಗೆ ನೀರು ಹೋದರೆ ತುಕ್ಕು, ಆಮೇಲೆ ನಿಜವಾಗಿಯೂ ಇಂಜೆಕ್ಟರ್ ಬದಲಾಯಿಸುವ ದಿನ ಬರುತ್ತದೆ. ಡ್ರಮ್ಮಿನಲ್ಲಿ ಇಡಲೇಬೇಕಾದರೆ ಒಂದು ದಿನ ಕೂರಲು ಬಿಟ್ಟು ಮೇಲಿನಿಂದ ತೆಗೆಯಿರಿ, ತಳದ ಎರಡು ಇಂಚು ಗಾಡಿಗೆ ಹಾಕಬೇಡಿ. ಸತು ಬಳಿದ ಡಬ್ಬಿ ಬೇಡವೇ ಬೇಡ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಎಂದು ಬರೆದಿದ್ದೀರಿ, ನಂಬುತ್ತೇನೆ, ಆದರೂ ಮಲ್ಟಿಮೀಟರ್ ಹಿಡಿದು ಐದು ನಿಮಿಷ ಖರ್ಚು ಮಾಡಿ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಡೌನ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೆ ಒಂದು ಮುಳ್ಳು, ಎಂಜಿನಿನ ಬೋಳು ಲೋಹಕ್ಕೆ ಇನ್ನೊಂದು ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರ್ ಕೆಟ್ಟಿದೆ. ಪಾಸಿಟಿವ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಇದೇ ರೀತಿ ನೋಡಿದರೆ 0.5 ಮೀರಬಾರದು. ಉಪ್ಪುಗಾಳಿಯ ಉಪ್ಪಳ, ಕುಂಬಳೆ, ಮಂಜೇಶ್ವರ ಕಡೆಯ ಗಾಡಿಗಳಲ್ಲಿ ಹೊಸ ಬ್ಯಾಟರಿ ಹಾಕಿದ ಮೇಲೂ ಸೆಲ್ಫ್ ಎಳೆಯದಿರುವುದಕ್ಕೆ ಅರ್ತ್ ಪಟ್ಟಿಯ ತುಕ್ಕೇ ಹಲವು ಸಲ ಕಾರಣ. ಟರ್ಮಿನಲಿನ ಬಿಳಿ, ಹಸಿರು ಪುಡಿಗೆ ಬಿಸಿನೀರು ಮತ್ತು ಅಡಿಗೆ ಸೋಡ, ಒಣಗಿದ ಮೇಲೆ ವ್ಯಾಸಲಿನ್.

ಪ್ರೈಮರ್ ಗಟ್ಟಿಯಾಗಿಯೇ ಇದೆ, ಗುಳ್ಳೆ ಇಲ್ಲ, ನೀರಿಲ್ಲ, ಆದರೂ ಹಿಡಿಯುವುದಿಲ್ಲ ಎಂದಾದರೆ ಮಾತ್ರ ಮುಂದಿನ ಹಂತ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಎದ್ದೀತೇ ನೋಡಿ. ಏಳದಿದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿನ ಮೇಲೆ ಸಂಶಯ. ಡ್ಯಾಶಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ, ಕೀಲಿಯನ್ನು ಗುರುತಿಸಿಲ್ಲ, ಇನ್ನೊಂದು ಕೀಲಿ ಹಾಕಿ ನೋಡಿ. ಇವೂ ಅಲ್ಲವಾದರೆ ಸ್ಕ್ಯಾನರ್ ಇರುವವರನ್ನು ಕರೆಸಿ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟಿದೆ ಎಂಬ ಒಂದೇ ಅಂಕಿ ಸಾಕು. ಎರಡು ಮೂರು ಸೆಕೆಂಡಿನಲ್ಲಿ 200 ದಾಟಿದರೆ ಪಂಪಿನ ಕಡೆ ಸರಿ, ಸೆನ್ಸರು, ವೈರುಗಳ ಕಡೆ ನೋಡಬೇಕು. 50, 80ರಲ್ಲೇ ನಿಂತರೆ ಪಂಪು, ಪಂಪಿಗೆ ಎಷ್ಟು ಡೀಸೆಲ್ ಎಂದು ಅಳೆದು ಬಿಡುವ ಮೀಟರಿಂಗ್ ವಾಲ್ವ್ ಅಥವಾ ಸೋರುವ ಇಂಜೆಕ್ಟರ್.

ಇಂಜೆಕ್ಟರ್ ಸೋರುತ್ತದೆಯೇ ಎಂದು ಬಿಚ್ಚದೆಯೇ ತಿಳಿಯಬಹುದು. ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ತೆಗೆದು ಪ್ರತ್ಯೇಕ ಸಪೂರ ಹೋಸ್ ಕೊಟ್ಟು, ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಬಿಡಬೇಕು. ಟ್ಯಾಂಕಿಗೆ ಹೋಗುವ ರಿಟರ್ನಿನ ಬಾಯಿ ಮುಚ್ಚಿಡಬೇಕು. ಎಂಜಿನ್ ಹಿಡಿದ ಹೊತ್ತಿನಲ್ಲಿ ಎರಡು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿದರೆ ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಉಳಿದವುಗಳ ಎರಡು ಮೂರು ಪಟ್ಟು ಇದ್ದರೆ ಅದೊಂದು ಹೋಗಿದೆ. ‘ನಾಲ್ಕೂ ಬದಲಾಯಿಸಿ’ ಎನ್ನುವವರ ಬಳಿ ಈ ಬಾಟಲಿ ಪರೀಕ್ಷೆ ಮಾಡಿ ತೋರಿಸಲು ಕೇಳಿ. ಬದಲಾಯಿಸುವುದೇ ಆದರೆ ಮಂಗಳೂರಿನ ಡೀಸೆಲ್ ಪಂಪ್ ಅಂಗಡಿಗಳಲ್ಲಿ ಟೆಸ್ಟ್ ಬೆಂಚಿಗೆ ಹಾಕಿಸಿದ ಮೇಲೆ ನಿರ್ಧರಿಸಿ. ಹೊಸ ಇಂಜೆಕ್ಟರಿನ ಮೇಲೆ ಕೋಡ್ ಇದ್ದರೆ ಇಸಿಯುಗೆ ಬರೆಸಬೇಕು, ತಳದ ತಾಮ್ರದ ವಾಷರ್ ಹೊಸದೇ ಇರಬೇಕು.

ಕೆಲವು ಕೆಲಸಗಳನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಗಾಳಿ ಬಿಡುತ್ತಿದ್ದರು. ಆ ಕೈಚಳಕ ಕಾಮನ್ ರೈಲಿನಲ್ಲಿ ಅಪಾಯ. ಇಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸೂಜಿಮೊನೆಯಷ್ಟು ಎಳೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆ ಕ್ಷಣವೇ ಹೋಗಬೇಕು, ತಡವಾದರೆ ಬೆರಳೇ ಹೋದೀತು. ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಹೀಟರ್ ಕಾದಿದ್ದರೆ ಒಳಗೇ ಸ್ಫೋಟಿಸಿ ಪಿಸ್ಟನ್ ಒಡೆಯಬಹುದು. ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದೂ ಬೇಡ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬೂಸ್ಟರಿನ ಬಲವಿಲ್ಲ, ಸ್ಟೀರಿಂಗ್ ಭಾರ, ಮನೆಯ ದಾರಿಯ ತಿರುವಿನಲ್ಲಿ ಗಾಡಿ ಯಾರ ಮಾತೂ ಕೇಳುವುದಿಲ್ಲ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು. ನೀವು ಈಗ ಬೆಳಿಗ್ಗೆ ಹೊಡೆಯುತ್ತಿರುವ ಲೆಕ್ಕದಲ್ಲಿ ಹೊಸ ಬ್ಯಾಟರಿಯೂ ಸೆಲ್ಫಿನ ಕಾರ್ಬನ್ನೂ ಬೇಗ ಮುಗಿಯುತ್ತವೆ.

ನಿಮಗೆ ಸಂಬಂಧವಿಲ್ಲದಿದ್ದರೂ ಮಳೆಗಾಲವಾದ್ದರಿಂದ ಒಂದು ಮಾತು: ಪಯಸ್ವಿನಿ ಹೊಳೆಯೋ ಶಿರಿಯ ಹೊಳೆಯೋ ಉಕ್ಕಿದಾಗ ನೀರಿನಲ್ಲಿ ಹೋಗಿ ನಿಂತ ಗಾಡಿಗೆ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿಗೆ ಹೋದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ವೈರ್ ಕಳಚಿ ಎಳೆಸಿಕೊಂಡು ಹೋಗಿ.

ನಿಮ್ಮ ಕೆಲಸದ ಕ್ರಮ ಇಷ್ಟು. ಇವತ್ತು ರಾತ್ರಿ ಮುಖ ಕೆಳಗೆ ಮಾಡಿ ನಿಲ್ಲಿಸಿ ನೋಡಿ. ನಾಳೆ ಪುನಃ ಏರಿನಲ್ಲಿ ನಿಲ್ಲಿಸಿ ನಾಡಿದ್ದು ಬೆಳಿಗ್ಗೆ ಪ್ರೈಮರ್ ಒತ್ತುಗಳನ್ನು ಎಣಿಸಿ. ಎರಡೂ ಗಾಳಿಯತ್ತಲೇ ಬೆರಳು ತೋರಿಸಿದರೆ ಪಾರದರ್ಶಕ ಹೋಸ್ ಹಾಕಿ ಜಾಗ ಹಿಡಿಯಿರಿ, ಫಿಲ್ಟರಿನ ರಿಂಗಿನಿಂದ ಶುರು ಮಾಡಿ. ಸರಿಪಡಿಸಿದ ಮೇಲೆ ಟ್ಯಾಂಕು ಕಾಲು ಭಾಗ ಇರುವಾಗ ಎರಡು ರಾತ್ರಿ ಅದೇ ಏರಿನಲ್ಲಿ ಮುಖ ಮೇಲೆ ಮಾಡಿಯೇ ನಿಲ್ಲಿಸಿ. ಎರಡೂ ಬೆಳಿಗ್ಗೆ ಪ್ರೈಮರ್ ಮುಟ್ಟದೆ ಒಂದೇ ಸೆಲ್ಫಿಗೆ ಹಿಡಿದರೆ ಬಾನೆಟ್ ಮುಚ್ಚಬಹುದು. ಹಿಡಿಯದಿದ್ದರೆ ಒತ್ತುಗಳ ಲೆಕ್ಕ, ಗುಳ್ಳೆ ಕಂಡ ಕಡೆ, ಲೋಟದ ನೀರು, ರೈಲ್ ಪ್ರೆಶರಿನ ಅಂಕಿ ಈ ನಾಲ್ಕನ್ನು ಬರೆದು ಕಳುಹಿಸಿ.